ತಾಯಿಯ ಸಿಡುಕು

ಪರ್ವತದಲ್ಲಿ ಹೊಗೆಯನ್ನು ಕಂಡವನು ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವನೆಂಬುದು ತರ್ಕಶಾಸ್ತ್ರವನ್ನು ಹಿಡಿದ ಬಾಲಕನಿಗೆ ದೊರೆಯುವ ಮೊದಲ ಪಾಠ. ಹೊಗೆಯಿರುವಲ್ಲಿ ಬೆಂಕಿಯಿರುವುದನ್ನು ಅವನು ಹಿಂದೆ ಎಲ್ಲಿ ನೋಡಿದ್ದನೆಂದು ಕೇಳಿದರೆ ಶಾಸ್ತ್ರಕಾರರು ಕೊಡುವ ದೃಷ್ಟಾಂತ ಮಹಾನಸ, ಎಂದರೆ ಅಡಿಗೆಯ ಮನೆ. ಅಷ್ಟು ದೊಡ್ಡ ಶಾಸ್ತ್ರವು ತನ್ನ ಮೊದಲ ಸಾಕ್ಷಿಯನ್ನು ಹುಡುಕಿಕೊಂಡು ಹೋದದ್ದು ಒಲೆಯ ಬಳಿಗೆ. ಆದರೆ ಆ ಒಲೆಯ ಮುಂದೆ ನಿಂತವಳ ವಿಷಯಕ್ಕೆ ಬಂದಾಗ ವಿದ್ಯಾವಂತರಾದ ಗೃಹಸ್ಥರೂ ತರ್ಕವನ್ನು ಕೈಬಿಡುತ್ತಾರೆ. ತಾಯಿಯು ಒಂದು ಮಾತನ್ನು ಬಿರುಸಾಗಿ ಆಡಿದಳೆಂದರೆ, ಪಾತ್ರೆಯನ್ನು ಸ್ವಲ್ಪ ಸದ್ದಾಗುವಂತೆ ಕೆಳಗಿಟ್ಟಳೆಂದರೆ, ‘ಅವಳದು ಸಿಡುಕು ಸ್ವಭಾವ’ ಎಂದು ತೀರ್ಪಾಗಿಹೋಗುತ್ತದೆ. ಹೊಗೆಯನ್ನು ಕಂಡು ಬೆಂಕಿಯನ್ನು ವಿಚಾರಿಸದೆ, ಹೊಗೆಯುವುದೇ ಅದರ ಸ್ವಭಾವವೆಂದು ಹೇಳಿ ಎಲೆಯ ಮುಂದೆ ಕುಳಿತುಕೊಳ್ಳುವುದು ಯಾವ ನ್ಯಾಯ?

ಈ ಸಿಡುಕು ಸ್ವಭಾವವಲ್ಲ, ಅಭಿಪ್ರಾಯ. ಮನೆಯಲ್ಲಾಗಲಿ, ಸುದ್ದಿಯ ಲೋಕದಲ್ಲಾಗಲಿ, ರಾಜ್ಯಕಾರ್ಯದಲ್ಲಾಗಲಿ ಏನು ಕೆಟ್ಟರೂ ಅದರ ಫಲವು ಕಡೆಗೆ ಬಂದು ಬೀಳುವುದು ಒಬ್ಬಳ ಅಂಗಳದಲ್ಲಿ. ಅದನ್ನು ಸರಿಪಡಿಸುವ ಹೊಣೆ ಅವಳದು. ಅದನ್ನು ಕುರಿತು ಮಾತನಾಡುವ ಅಧಿಕಾರ ಮಾತ್ರ ಬೇರೆಯವರದು. ಹೊಣೆ ಒಂದು ಕಡೆ, ಅಧಿಕಾರ ಇನ್ನೊಂದು ಕಡೆ ಇರುವ ಕಚೇರಿಯಲ್ಲಿ ಗುಮಾಸ್ತನು ಸಿಡುಕಿದರೆ ಯಾರೂ ಅವನ ಸ್ವಭಾವವನ್ನು ದೂರುವುದಿಲ್ಲ. ಕಚೇರಿಯ ವ್ಯವಸ್ಥೆ ಸರಿಯಿಲ್ಲವೆನ್ನುತ್ತಾರೆ. ಗುಮಾಸ್ತನಿಗೆ ಸಲ್ಲುವಷ್ಟು ನ್ಯಾಯವಾದರೂ ತಾಯಿಗೆ ಸಲ್ಲಬೇಡವೆ?

ಜಿಲ್ಲೆಯ ಪಟ್ಟಣಗಳಲ್ಲಿ ಮಧ್ಯಮ ತರಗತಿಯ ಯಾವ ಮನೆಯನ್ನಾದರೂ ನೋಡಬಹುದು. ನಲ್ಲಿಯಲ್ಲಿ ನೀರು ಬರುವುದು ಎರಡು ದಿನಕ್ಕೊಮ್ಮೆ. ಬರುವ ಹೊತ್ತು ನೀರು ಬಿಡುವವನಿಗೆ ಮಾತ್ರ ಗೊತ್ತು. ಬೆಳಗಿನ ಜಾವ ನಾಲ್ಕಕ್ಕೆ ನಲ್ಲಿಯು ಗೊರಗೊರನೆ ಸದ್ದುಮಾಡಿದರೆ ಮನೆಯಲ್ಲಿ ಎಚ್ಚರವಾಗುವುದು ಒಬ್ಬರಿಗೇ. ತೊಟ್ಟಿ ತುಂಬಿ, ಕೊಡ ತುಂಬಿ, ಬಾಗಿಲಿಗೆ ನೀರು ಹಾಕಿ ರಂಗೋಲಿಯಿಟ್ಟು, ಹಾಲು ಕಾಯಿಸಿ, ಮಕ್ಕಳ ಡಬ್ಬಿಗೆ ಒಂದು ತಿಂಡಿ, ಸಕ್ಕರೆ ಕಾಯಿಲೆಯ ಅತ್ತೆಗೆ ಬೇರೊಂದು, ಎಣ್ಣೆ ಕೂಡದ ಮಾವನಿಗೆ ಮತ್ತೊಂದು, ಹೀಗೆ ಎಂಟು ಗಂಟೆಯೊಳಗೆ ಒಂದು ಸಣ್ಣ ಹೋಟೆಲಿನ ವ್ಯಾಪಾರವೇ ನಡೆದುಹೋಗುತ್ತದೆ. ಈ ನಡುವೆ ಮಗನಿಗೆ ಕಾಲುಚೀಲದ ಜೋಡಿ ಸಿಕ್ಕದು. ಮಗಳಿಗೆ ಕಂಪಾಸು ಪೆಟ್ಟಿಗೆ ಸಿಕ್ಕದು. ಯಜಮಾನರಿಗೆ ಕನ್ನಡಕ ಸಿಕ್ಕದು. ಕನ್ನಡಕವು ಅವರ ಹಣೆಯ ಮೇಲೆಯೇ ಇರುತ್ತದೆಂಬುದು ಬೇರೆ ಮಾತು. ಹಿಂದಿನ ರಾತ್ರಿ ಶಾಲೆಯವರು ‘ಪ್ರಾಜೆಕ್ಟು’ ಎಂಬ ಹೆಸರಿನಿಂದ ನಾಲ್ಕನೆಯ ತರಗತಿಯ ಮಗುವಿಗೆ ವಿಧಿಸಿದ್ದ ಸೌರವ್ಯೂಹವನ್ನು ಹನ್ನೊಂದು ಗಂಟೆಯವರೆಗೆ ಥರ್ಮಾಕೋಲಿನಲ್ಲಿ ಕತ್ತರಿಸಿ ಬಣ್ಣ ಬಳಿದವಳೂ ಅವಳೇ. ಮಗು ಒಂಬತ್ತಕ್ಕೇ ನಿದ್ದೆಹೋಗಿತ್ತು. ಅಂಕಗಳು ಮಗುವಿಗೆ ಬಂದುವು. ಶನಿಗ್ರಹದ ಬಳೆ ಸೊಟ್ಟಗಿದೆಯೆಂಬ ಆಕ್ಷೇಪ ತಾಯಿಗೆ ಬಂದಿತು.

ಇದು ಅಲ್ಲೊಂದು ಇಲ್ಲೊಂದು ಮನೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದನ್ನು ಭಾರತ ಸರ್ಕಾರದವರು 2019ರಲ್ಲಿಯೂ 2024ರಲ್ಲಿಯೂ ಮನೆಮನೆಗೆ ಹೋಗಿ ವಿಚಾರಿಸಿ ಲೆಕ್ಕ ತೆಗೆದರು. 2019ರಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದವರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷಗಳನ್ನು, ಗಂಡಸರು 97 ನಿಮಿಷಗಳನ್ನು ಅದಕ್ಕೆ ಕೊಡುತ್ತಿದ್ದರು. 2024ರಲ್ಲಿ ಆ ಸಂಖ್ಯೆಗಳು 289 ಮತ್ತು 88. ಐದು ವರ್ಷಗಳಲ್ಲಿ ಹೆಂಗಸಿಗೆ ದೊರೆತ ಬಿಡುವು ಹತ್ತು ನಿಮಿಷ. ಅವಳ ಜೊತೆಯಲ್ಲೇ ಗಂಡಸೂ ಒಂಬತ್ತು ನಿಮಿಷದ ಬಿಡುವು ಮಾಡಿಕೊಂಡನು! ಈ 97, 88 ನಿಮಿಷಗಳಾದರೂ ಎಲ್ಲ ಗಂಡಸರವಲ್ಲ, ಕೈಹಾಕಿದವರವು ಮಾತ್ರ. ಹಾಗೆ ಕೈಹಾಕಿದ ಗಂಡಸರು 2019ರ ಲೆಕ್ಕದಲ್ಲಿ ನೂರಕ್ಕೆ 26, ಹೆಂಗಸರು 81.

ಇಷ್ಟು ದುಡಿದವಳಿಗೆ ಲೋಕವು ಕಟ್ಟುವ ಬೆಲೆಯೇನು? ಇದಕ್ಕೆ ಉತ್ತರ ಬೇಕಾದರೆ ನ್ಯಾಯಾಲಯಗಳ ತೀರ್ಪುಗಳನ್ನು ಓದಬೇಕು. ಅದೂ ಅವಳು ಸತ್ತ ಮೇಲಿನ ತೀರ್ಪುಗಳನ್ನು. ಜಮ್‌ಶೇಡ್‌ಪುರದಲ್ಲಿ 1989ರಲ್ಲಿ ಒಂದು ಸಮಾರಂಭದ ನಡುವೆ ಬೆಂಕಿ ಬಿದ್ದು ಅನೇಕ ಹೆಂಗಸರೂ ಮಕ್ಕಳೂ ತೀರಿಕೊಂಡರು. ಪರಿಹಾರವನ್ನು ನಿಶ್ಚಯಿಸುವ ಪ್ರಸಂಗ ಬಂದಾಗ, ಗೃಹಿಣಿಯ ಸೇವೆಗೆ ತಿಂಗಳಿಗೆ 3000 ರೂಪಾಯಿಯ ಬೆಲೆಯನ್ನು ಸುಪ್ರೀಂ ಕೋರ್ಟು 2001ರಲ್ಲಿ ಗೊತ್ತುಮಾಡಿತು. 2010ರಲ್ಲಿ ಅದೇ ನ್ಯಾಯಾಲಯವು ಇನ್ನೊಂದು ಮೊಕದ್ದಮೆಯಲ್ಲಿ, 2001ರ ಖಾನೇಷುಮಾರಿಯು ಅಡಿಗೆ ಮಾಡಿ ಮಕ್ಕಳನ್ನು ಸಾಕುವ ಕೋಟ್ಯಂತರ ಹೆಂಗಸರನ್ನು ಭಿಕ್ಷುಕರು, ವೇಶ್ಯೆಯರು, ಸೆರೆವಾಸಿಗಳು ಇವರ ಸಾಲಿನಲ್ಲಿ ‘ಕೆಲಸವಿಲ್ಲದವರು’ ಎಂದು ಬರೆದುಕೊಂಡದ್ದನ್ನು ಎತ್ತಿ ತೋರಿಸಿ ಖಂಡಿಸಿತು. 2021ರ ಜನವರಿಯ ಮತ್ತೊಂದು ತೀರ್ಪಿನಲ್ಲಿ 2011ರ ಜನಗಣತಿಯ ಲೆಕ್ಕವನ್ನು ಉದಾಹರಿಸಿದೆ: ಮನೆಗೆಲಸವೇ ತಮ್ಮ ಮುಖ್ಯ ಕಸುಬೆಂದು ಹೇಳಿದ ಹೆಂಗಸರು ಸುಮಾರು 16 ಕೋಟಿ, ಗಂಡಸರು ಸುಮಾರು 58 ಲಕ್ಷ. ಬದುಕಿರುವಾಗ ‘ಮನೆಯಲ್ಲಿ ಸುಮ್ಮನೆ ಇದ್ದಾಳೆ’ ಎಂದು ಹೇಳುವ ಗಂಡನೇ, ಅವಳು ಮೋಟಾರಿನ ಅಪಘಾತದಲ್ಲಿ ತೀರಿಹೋದರೆ, ವಕೀಲರ ಮೂಲಕ ಅವಳು ಮಾಡುತ್ತಿದ್ದ ಒಂದೊಂದು ಕೆಲಸವನ್ನೂ ಪಟ್ಟಿಮಾಡಿಸಿ ನ್ಯಾಯಾಲಯಕ್ಕೆ ಸಲ್ಲಿಸುತ್ತಾನೆ. ಅಂಥ ಪಟ್ಟಿಯೊಂದನ್ನು ಅವಳಿದ್ದಾಗಲೇ ಬರೆದು ಅಡಿಗೆಯ ಮನೆಯ ಗೋಡೆಗೆ ಅಂಟಿಸಬಾರದಾಗಿತ್ತೆ?

‘ಹಿಂದಿನ ಕಾಲದ ತಾಯಂದಿರು ಎಂಟು ಹತ್ತು ಮಕ್ಕಳನ್ನು ಹೆತ್ತು, ಕಲ್ಲಿನಲ್ಲಿ ಬೀಸಿ, ಒನಕೆಯಲ್ಲಿ ಕುಟ್ಟಿ, ಒಂದು ದಿನವೂ ಗೊಣಗಲಿಲ್ಲ, ಗುಂಡಿ ಒತ್ತಿದರೆ ಅರೆಯುವ ಯಂತ್ರ, ಒಗೆಯುವ ಯಂತ್ರಗಳಿದ್ದೂ ಈಗಿನವರಿಗೆ ಇಷ್ಟು ಅಸಮಾಧಾನವೇಕೆ?’ ಎಂಬುದು ಹಿರಿಯರ ಪೂರ್ವಪಕ್ಷ. ಇದರ ಹೇತುವೇ ಅಸಿದ್ಧ. ಅವರು ಗೊಣಗಲಿಲ್ಲವೆಂದು ಹೇಳಿದವರು ಯಾರು? ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟಿಸಿದ ತ್ರಿಪದಿಗಳನ್ನು ತೆರೆದು ನೋಡಿದವರಿಗೆ, ಬೀಸುವ ಕಲ್ಲಿನ ಮುಂದೆ ತವರಿನ ಹಂಬಲವೂ ಅತ್ತೆಯ ಮನೆಯ ಕಷ್ಟವೂ ಎಷ್ಟು ಸಲ ಹೊರಬಿದ್ದಿವೆಯೆಂಬುದು ತಿಳಿಯದೆ ಇರದು. ಹಾಡಾಗಿ ಬಂದದ್ದರಿಂದ ಕೇಳಿದವರು ರಾಗಕ್ಕೆ ತಲೆದೂಗಿದರು, ದೂರಿಗೆ ಕಿವಿಗೊಡಲಿಲ್ಲ. ನಂಜನಗೂಡಿನ ತಿರುಮಲಾಂಬ ಅವರು ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಹೊರಡಿಸಿದ್ದು, ಆರ್. ಕಲ್ಯಾಣಮ್ಮನವರು 1921ರಲ್ಲಿ ‘ಸರಸ್ವತಿ’ ಮಾಸಪತ್ರಿಕೆಯನ್ನು ಆರಂಭಿಸಿ ದಶಕಗಳ ಕಾಲ ನಡೆಸಿದ್ದು, ಹೇಳಿಕೊಳ್ಳುವುದಕ್ಕೆ ಏನೂ ಇಲ್ಲದ ಹೆಂಗಸರಿಗಾಗಿಯೆ? ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯಿದೆಯಷ್ಟೆ. ಅದನ್ನು ಕಟ್ಟಿದವನು ಉಂಡವನೇ ಇರಬೇಕು, ಬಡಿಸಿದವಳಲ್ಲ. ಜಗಳದ ದಿನವೂ ಅಡಿಗೆ ತಪ್ಪಲಿಲ್ಲವೆಂಬ ಸಂಗತಿ ಆ ಗಾದೆಯೊಳಗೇ ಅಡಗಿದೆ.

ಯಂತ್ರವು ತೋಳಿನ ನೋವನ್ನು ಕಳೆದದ್ದು ನಿಜ. ಆದರೆ ಬೀಸುವ ಕಲ್ಲಿನ ಕಾಲದಲ್ಲಿ ಮನೆಮಂದಿಗೆಲ್ಲ ಒಂದೇ ಮುದ್ದೆ, ಒಂದೇ ಸಾರು. ಕೈಗೆ ಕೈಗೂಡಿಸಲು ಓರಗಿತ್ತಿಯರು, ನಾದಿನಿಯರು, ಮಗುವನ್ನು ಎತ್ತಿಕೊಳ್ಳಲು ನೆರೆಮನೆಯ ಅಜ್ಜಿ. ಈಗ ಅಡಿಗೆಯ ಮನೆಯಲ್ಲಿ ಯಂತ್ರಗಳು ನಾಲ್ಕು, ಕೈಗಳು ಎರಡು.

ಇನ್ನು ದೂರದರ್ಶನ. ‘ಧಾರಾವಾಹಿಗಳನ್ನು ನೋಡುವವರು ಹೆಂಗಸರೇ ಅಲ್ಲವೆ?’ ಎಂದು ಕೇಳುವವರುಂಟು. ನೋಡುತ್ತಾರೆ, ಅದನ್ನು ಮುಚ್ಚಿಡುವುದೇಕೆ? ಹುರುಳಿಕಾಯಿಯ ನಾರು ತೆಗೆಯುತ್ತ, ಅಕ್ಕಿಯಲ್ಲಿ ಕಲ್ಲು ಆರಿಸುತ್ತ ನೋಡುತ್ತಾರೆ. ಆದರೆ ನೋಡುವವರ ಮುಂದೆ ಇಡುತ್ತಿರುವುದಾದರೂ ಏನು? ಅಲ್ಲಿಯ ತಾಯಿಯು ಒಂದೋ ಹಗಲಿರುಳು ಕಣ್ಣೀರು ಸುರಿಸಬೇಕು, ಇಲ್ಲವೆ ಜರಿಯ ಸೀರೆಯುಟ್ಟು ಸೊಸೆಯ ಹಾಲಿಗೆ ವಿಷ ಬೆರೆಸಬೇಕು. ನಲ್ಲಿಯ ನೀರಿಗೆ ಕಾದವಳು, ಶಾಲೆಯ ಶುಲ್ಕಕ್ಕೆ ಸಾಸಿವೆಯ ಡಬ್ಬಿಯಲ್ಲಿ ಹಣ ಕೂಡಿಟ್ಟವಳು ಅಲ್ಲಿ ಕಾಣಸಿಗುವುದು ಅಪೂರ್ವ. ರಾತ್ರಿ ಒಂಬತ್ತಾಯಿತೆಂದರೆ ಪೆಟ್ಟಿಗೆಯು ಗಂಡಸರ ವಶ. ಆಗ ಚರ್ಚೆಯೆಂಬ ಹೆಸರಿನಲ್ಲಿ ಆರು ಮಂದಿ ಏಕಕಾಲದಲ್ಲಿ ಕೂಗುತ್ತಾರೆ. ವಾದದಲ್ಲಿ ಎದುರಾಳಿಯ ಪಕ್ಷವನ್ನು ಮೊದಲು ಅನುವಾದಮಾಡಿ ಆಮೇಲೆ ಖಂಡಿಸಬೇಕೆಂಬುದು ಹಳೆಯ ಸಂಪ್ರದಾಯ. ಇಲ್ಲಿ ಎದುರಾಳಿಯ ಮಾತು ಕಿವಿಗೆ ಬೀಳುವ ಮೊದಲೇ ಖಂಡನೆ ಮುಗಿದಿರುತ್ತದೆ. ಪಕ್ಕದ ಕೋಣೆಯಲ್ಲಿ ಮಗ್ಗಿ ಕಲಿಯುತ್ತಿರುವ ಮಗುವಿಗೆ ಕೇಳಿಸುವುದು ಈ ಕೂಗೇ. ‘ಸ್ವಲ್ಪ ಸದ್ದು ಕಡಮೆಮಾಡಿ’ ಎಂದವಳಿಗೆ ಪುನಃ ಅದೇ ಬಿರುದು: ಸಿಡುಕಿ.

ಜಾಹೀರಾತುಗಳ ವಿಷಯವನ್ನು ಬಿಟ್ಟರೆ ಅನ್ಯಾಯವಾದೀತು. 1994ರ ಕೇಬಲ್ ದೂರದರ್ಶನದ ನಿಯಮಗಳಂತೆ ಗಂಟೆಗೆ 12 ನಿಮಿಷಗಳಿಗಿಂತ ಹೆಚ್ಚು ಜಾಹೀರಾತು ಕೂಡದು. ಆ ಹನ್ನೆರಡು ನಿಮಿಷಗಳಲ್ಲಿ ಕಾಣಿಸುವ ತಾಯಿಗೆ ಬೆವರಿಲ್ಲ, ಸೀರೆಯ ಸೆರಗಿನಲ್ಲಿ ಅರಿಸಿನದ ಕಲೆಯಿಲ್ಲ. ಮಗು ಎತ್ತರಕ್ಕೆ ಬೆಳೆಯದಿದ್ದರೆ, ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ, ಅದು ಅವಳು ಸರಿಯಾದ ಪುಡಿಯನ್ನು ಹಾಲಿಗೆ ಬೆರೆಸದ ದೋಷ. ಇದನ್ನು ನಂಬಿ ಎಷ್ಟು ಮನೆಗಳಲ್ಲಿ ತಿಂಗಳ ತರಕಾರಿಯ ಹಣವನ್ನು ಹಿಡಿದಿಟ್ಟು ಸಕ್ಕರೆಯ ಪುಡಿಯ ಡಬ್ಬಿಗಳನ್ನು ಕೊಂಡರೋ! 2024ರ ಏಪ್ರಿಲ್ ತಿಂಗಳಲ್ಲಿ ಕೇಂದ್ರದ ವಾಣಿಜ್ಯ ಮಂತ್ರಾಲಯವು ಇಂಥ ಪಾನೀಯಗಳನ್ನು ‘ಆರೋಗ್ಯ ಪಾನೀಯ’ವೆಂಬ ವಿಭಾಗದಿಂದ ತೆಗೆದುಹಾಕುವಂತೆ ಅಂತರ್ಜಾಲದ ಅಂಗಡಿಗಳಿಗೆ ಸೂಚಿಸಿತು, 2006ರ ಆಹಾರ ಸುರಕ್ಷತೆಯ ಕಾಯಿದೆಯಲ್ಲಿ ಹಾಗೆಂಬ ವಸ್ತುವಿಗೆ ಲಕ್ಷಣವೇ ಹೇಳಿಲ್ಲವಂತೆ! ಲಕ್ಷಣವಿಲ್ಲದ ವಸ್ತುವನ್ನು ತಾಯಂದಿರಿಗೆ ಮಾರಿದವರ ಸ್ವಭಾವವನ್ನು ಕುರಿತು ಯಾರೂ ತೀರ್ಪು ಕೊಟ್ಟಂತಿಲ್ಲ.

ಮೊಬೈಲಿನ ಕಥೆ ಇದಕ್ಕಿಂತಲೂ ವಿಚಿತ್ರ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ದೆಸೆಯಿಂದ ಶಾಲೆಗಳು ಮುಚ್ಚಿದುವು; ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಅವು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ಒಂದೂವರೆ ವರ್ಷ ‘ಮಗುವಿನ ಕೈಗೆ ಮೊಬೈಲು ಕೊಡಿ, ಪಾಠ ಅದರಲ್ಲೇ’ ಎಂದು ಶಾಲೆ ಹೇಳಿತು, ತಂದೆ ಹೇಳಿದನು. ಬೇಡವೆಂದು ಹಿಂಜರಿದವಳು ತಾಯಿ. ಈಗ ಮಗುವು ಮೊಬೈಲನ್ನು ಬಿಟ್ಟು ಅನ್ನ ಉಣ್ಣದೆ ಹೋದಾಗ ‘ತಾಯಿಯಾದವಳು ನೋಡಿಕೊಳ್ಳಬೇಡವೆ?’ ಎನ್ನುವವರು ಆ ಇಬ್ಬರೇ.

ಅದಕ್ಕಿಂತ ಸೂಕ್ಷ್ಮವಾದ ಸಂಕಟವೊಂದುಂಟು. ಕುಟುಂಬದವರೆಲ್ಲ ಸೇರಿ ಮಾಡಿಕೊಂಡ ವಾಟ್ಸಾಪಿನ ಗುಂಪಿನಲ್ಲಿ ಬೆಳಗ್ಗೆ ಸುಪ್ರಭಾತದ ಚಿತ್ರದೊಡನೆ ಆರಂಭವಾಗಿ, ರೋಗಕ್ಕೆ ಮನೆಮದ್ದು, ಯಾವುದೋ ಮತದವರ ಮೇಲೆ ಅಪವಾದ, ಯಾವುದೋ ನಾಯಕನ ಗುಣಗಾನ, ಎಲ್ಲವೂ ಹರಿದು ಬರುತ್ತವೆ. ಕಳುಹಿಸಿದವರು ಭಾವನವರೋ ಸೋದರಮಾವನವರೋ ಆಗಿರುತ್ತಾರೆ. ಅದು ಸುಳ್ಳೆಂದು ಓದುಬರಹ ಬಲ್ಲ ಸೊಸೆಗೆ ನೋಡಿದೊಡನೆ ತಿಳಿಯುತ್ತದೆ. ಹೇಳುವುದು ಹೇಗೆ? ಹೇಳಿದರೆ ಹಿರಿಯರಿಗೆ ಎದುರಾಡಿದಂತೆ. ಹೇಳದಿದ್ದರೆ ಅದೇ ಮಾತನ್ನು ಮರುದಿನ ಅವಳ ಮಗ ಶಾಲೆಯಲ್ಲಿ ಜೊತೆಯ ಹುಡುಗನಿಗೆ ಹೇಳಿ ಅವನನ್ನು ಅಳಿಸಿ ಬರುತ್ತಾನೆ. ಕುರುಡನ ಕೈಯನ್ನು ಕುರುಡನು ಹಿಡಿದು ನಡೆಯುವುದನ್ನು ಶಾಸ್ತ್ರದಲ್ಲಿ ಅಂಧಪರಂಪರಾನ್ಯಾಯವೆನ್ನುತ್ತಾರೆ. ಈ ಪರಂಪರೆಯಲ್ಲಿ ಕಣ್ಣುಳ್ಳ ಒಬ್ಬಳಿದ್ದಾಳೆ, ಅವಳಿಗೆ ಬಾಯಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿಯು ಇದೇ ದಾರಿಯಲ್ಲಿ ಊರೂರಿಗೆ ಹಬ್ಬಿತು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊರನಾಡಿನಿಂದ ಬಂದಿದ್ದ ಒಬ್ಬನನ್ನು, ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ತರುಣನನ್ನು ಜನರು ಹೊಡೆದು ಕೊಂದರು. ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕಲೇಟು ಕೊಟ್ಟದ್ದು ಆ ತರುಣನ ಜೊತೆಯವರ ಮೇಲೆ ಸಂಶಯವನ್ನು ತಂದಿತ್ತು. ಅದೇ ತಿಂಗಳಲ್ಲಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಾಗಿ ಮುಂದೆ ಕಳುಹಿಸದಂತೆ ವಾಟ್ಸಾಪಿನವರು ಕಟ್ಟುಮಾಡಿದರು. ತಾಯಂದಿರ ಭಯವನ್ನು ಬಂಡವಾಳ ಮಾಡಿಕೊಂಡು ಹರಡಿದ ಆ ಸುಳ್ಳಿನಿಂದ ಇಬ್ಬರು ತಾಯಂದಿರ ಮಕ್ಕಳು ಸತ್ತರು. ಗುಂಪಿನಲ್ಲಿ ‘ಇದು ನಿಜವೆ, ಭಾವ?’ ಎಂದು ಕೇಳಿದವಳನ್ನು ಅಧಿಕಪ್ರಸಂಗಿಯೆಂದು ಕರೆಯುವ ಮೊದಲು ಮುರ್ಕಿಯನ್ನು ನೆನೆಯುವುದು ಒಳ್ಳೆಯದು.

ಊಟಕ್ಕೆ ಕುಳಿತಾಗ ರಾಜಕಾರಣವನ್ನು ಮಾತನಾಡುವವರು ಗಂಡಸರು. ಬಡಿಸುತ್ತಿರುವವಳು ನಡುವೆ ಒಂದು ಮಾತು ಸೇರಿಸಿದರೆ ‘ನಿನಗೇಕೆ ಅದೆಲ್ಲ?’ ಎಂಬ ಉತ್ತರ. ಇದಕ್ಕೆ ಸನಾತನ ಸಂಪ್ರದಾಯವೆಂದು ಹೆಸರಿಡುವವರು ಮಹಾಭಾರತದ ಉದ್ಯೋಗಪರ್ವವನ್ನು ಒಮ್ಮೆ ಓದಬೇಕು. ಯುದ್ಧವೋ ಸಂಧಿಯೋ ಎಂಬ ನಿರ್ಣಯದ ಹೊತ್ತಿನಲ್ಲಿ ಕುಂತಿಯು ಮಕ್ಕಳಿಗೆ ಶ್ರೀಕೃಷ್ಣನ ಮೂಲಕ ಹೇಳಿಕಳುಹಿಸಿದ್ದು ವಿದುಲೆಯ ಕಥೆಯನ್ನು. ಸೋತು ಮಲಗಿದ್ದ ರಾಜಪುತ್ರನನ್ನು ಅವನ ತಾಯಿ ಎಷ್ಟು ಕಟುವಾದ ಮಾತುಗಳಿಂದ ಎಬ್ಬಿಸಿದಳೆಂಬ ಕಥೆ ಅದು. ಆ ಮಗನೂ ಮೊದಲು ತಾಯಿಯನ್ನು ಕಠಿಣಹೃದಯಳೆಂದೇ ದೂರಿದನು. ದುರ್ಯೋಧನನು ಯಾರ ಮಾತನ್ನೂ ಕೇಳದೆ ಸಭೆಯಿಂದ ಎದ್ದುಹೋದಾಗ ಧೃತರಾಷ್ಟ್ರನು ಕರೆಸಿದ್ದು ಗಾಂಧಾರಿಯನ್ನು. ಅವಳು ತುಂಬಿದ ಸಭೆಯಲ್ಲಿ ಮಗನಿಗೆ ಬುದ್ಧಿ ಹೇಳುವುದಕ್ಕೆ ಮುಂಚೆ ಗಂಡನ ತಪ್ಪನ್ನು ಎತ್ತಿ ಆಡಿದಳು. ಇವರನ್ನು ಸಿಡುಕಿಯರೆಂದು ವ್ಯಾಸರು ಬರೆಯಲಿಲ್ಲ. ಈಗಿನ ಭಾಷಣಕಾರರಾದರೋ ಸ್ತ್ರೀಪೂಜೆಯನ್ನು ಕುರಿತ ಮನುವಿನ ಶ್ಲೋಕವನ್ನು ವೇದಿಕೆಯ ಮೇಲೆ ಬಾಯಿಂದ ಹೇಳುತ್ತಾರೆ. ಸ್ತ್ರೀಗೆ ಸ್ವಾತಂತ್ರ್ಯ ಕೂಡದೆಂಬ ಅದೇ ಸ್ಮೃತಿಯ ಒಂಬತ್ತನೆಯ ಅಧ್ಯಾಯದ ಮಾತನ್ನು ಮನೆಗೆ ಬಂದು ನಡತೆಯಿಂದ ಹೇಳುತ್ತಾರೆ.

ಕಾಯಿದೆಯಲ್ಲಿ ಅವಳಿಗೆ ಪದವಿಗಳಿಗೇನೂ ಕಡಮೆಯಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಹದಿನೆಂಟು ತುಂಬಿದ ಹೆಂಗಸರಲ್ಲಿ ಹಿರಿಯಳಾದವಳೇ ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿ. ಚೀಟಿಯಲ್ಲಿ ಯಜಮಾನಿಯಾದವಳು ನ್ಯಾಯಬೆಲೆಯ ಅಂಗಡಿಯ ಸಾಲಿನಲ್ಲಿ ಬಿಸಿಲಿನಲ್ಲಿ ನಿಂತು ಹೆಬ್ಬೆಟ್ಟು ಒತ್ತಿದರೆ, ಪಾತ್ರೆ ಉಜ್ಜಿ ಉಜ್ಜಿ ಸವೆದ ಬೆರಳಿನ ಗೆರೆಗಳನ್ನು ಯಂತ್ರವು ಎಷ್ಟೋ ಸಲ ಗುರುತಿಸುವುದಿಲ್ಲ. ಕೆಲಸ ಮಾಡದ ಕೈಯಾಗಿದ್ದರೆ ಗುರುತಿಸುತ್ತಿತ್ತು. ಆ ಯಜಮಾನಿಗೇ ತಿಂಗಳಿಗೆ 2000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯು 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾಯಿತು. ಅದನ್ನು ಕೊಟ್ಟವರು ಓಟಿಗಾಗಿ ಕೊಟ್ಟರೋ ಧರ್ಮಕ್ಕಾಗಿ ಕೊಟ್ಟರೋ ಎಂಬ ವಿಚಾರ ರಾಜಕಾರಣಿಗಳಿಗಿರಲಿ. ‘ಬಿಟ್ಟಿ ಹಣ’ ಎಂದು ಹಳಿಯುವ ಗೃಹಸ್ಥರು ಮಾತ್ರ ಒಂದು ಸಣ್ಣ ಲೆಕ್ಕ ಮಾಡಬೇಕು. ದಿನಕ್ಕೆ 289 ನಿಮಿಷದಂತೆ ತಿಂಗಳಿಗೆ ಸುಮಾರು 144 ಗಂಟೆ. 2000 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಗಂಟೆಗೆ 14 ರೂಪಾಯಿಯೂ ಆಗುವುದಿಲ್ಲ. ಹೋಟೆಲಿನಲ್ಲಿ ಎಲೆ ಎತ್ತುವ ಹುಡುಗನೂ ಈ ದರಕ್ಕೆ ಒಪ್ಪಲಾರನು. ಬಿಟ್ಟಿ ಯಾರದು?

ರಾಜ್ಯದ ಆಲೋಚನೆ ನಡೆಯುವ ಸ್ಥಳದಲ್ಲಿ ಅವಳ ಪಾಲು ಎಷ್ಟೆಂದರೆ, 2023ರ ಚುನಾವಣೆಯಲ್ಲಿ ಕರ್ನಾಟಕದ ವಿಧಾನಸಭೆಯ 224 ಸ್ಥಾನಗಳಿಗೆ ಆರಿಸಿಬಂದ ಸ್ತ್ರೀಯರು 10 ಮಂದಿ. ಅದೇ ವರ್ಷದ ಸಂವಿಧಾನದ 106ನೆಯ ತಿದ್ದುಪಡಿಯು ಮೂರರಲ್ಲೊಂದು ಪಾಲನ್ನು ಕೊಟ್ಟಿತು. ಕೊಟ್ಟ ಕೈಯಿಂದಲೇ, ಮುಂದಿನ ಜನಗಣತಿಯೂ ಕ್ಷೇತ್ರವಿಂಗಡಣೆಯೂ ಆದ ಮೇಲೆ ಎಂಬ ಷರತ್ತನ್ನೂ ಬರೆಯಿತು. ಪಂಚಾಯತಿಗಳಲ್ಲಿ 2010ರಿಂದ ಅರ್ಧ ಸ್ಥಾನಗಳು ಹೆಂಗಸರವು. ಅಲ್ಲಿಯೂ ಎಷ್ಟೋ ಕಡೆ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ‘ಅಧ್ಯಕ್ಷರ ಯಜಮಾನರು’ ಕುಳಿತಿರುತ್ತಾರೆ. ರುಜು ಅವಳದು, ಮಾತು ಅವರದು. ಇಷ್ಟರ ಮೇಲೂ, ಅವಕಾಶ ಸಿಕ್ಕಿದ ಕಡೆ ಕುಡಿಯುವ ನೀರು, ಶಾಲೆಯ ಶೌಚಾಲಯ, ಅಂಗನವಾಡಿಯ ಅಕ್ಕಿ ಇವುಗಳ ಪ್ರಶ್ನೆಯನ್ನು ಎತ್ತುವವರು ಹೆಂಗಸರೆಂಬುದನ್ನು ಪಂಚಾಯತಿಯ ಕಾರ್ಯದರ್ಶಿಗಳು ಬಲ್ಲರು.

ಮೇ ತಿಂಗಳ ಎರಡನೆಯ ಭಾನುವಾರ ‘ತಾಯಂದಿರ ದಿನ’ವೆಂದು ಮೊಬೈಲಿನಲ್ಲಿ ಅವಳ ಚಿತ್ರವನ್ನು ಹಾಕಿ, ತಂದ ಕೇಕಿನ ತಟ್ಟೆಗಳನ್ನು ಅವಳಿಗೇ ತೊಳೆಯಲು ಬಿಡುವ ಮಕ್ಕಳಿಂದ ಅವಳು ಹೆಚ್ಚಿನದೇನನ್ನೂ ಕೇಳುತ್ತಿಲ್ಲ. ನೀರು ಬರುವ ದಿನ ಮತ್ತೊಬ್ಬರೂ ಏಳಬೇಕು. ಒಂಬತ್ತರ ಕೂಗಾಟ ಮಕ್ಕಳ ಪಾಠ ಮುಗಿಯುವವರೆಗೆ ನಿಲ್ಲಬೇಕು. ಸುಳ್ಳು ಸುದ್ದಿಯನ್ನು ಸುಳ್ಳೆಂದಾಗ ಭಾವನವರು ಮುನಿಯಬಾರದು. ಗ್ರಾಮಸಭೆಯನ್ನಾಗಲಿ ವಾರ್ಡಿನ ಸಭೆಯನ್ನಾಗಲಿ ಕರೆಯುವವರು, ಒಲೆಯ ಮೇಲೆ ಸಾರು ಕುದಿಯುವ ಬೆಳಗಿನ ಹನ್ನೊಂದು ಗಂಟೆಯನ್ನು ಬಿಟ್ಟು ಮಧ್ಯಾಹ್ನದ ಮೂರನ್ನು ಗೊತ್ತುಮಾಡಲಿ. ಆ ದಿನ ಶಾಲೆಯಿಂದ ಹಸಿದು ಬರುವ ಮಕ್ಕಳಿಗೆ ತಿಂಡಿ ಕೊಡಲು ಮನೆಯ ಗಂಡಸರಲ್ಲಿ ಒಬ್ಬರು ಉಳಿದುಕೊಳ್ಳಲಿ. ನಲ್ಲಿಯ ನೀರನ್ನು ನಾಲ್ಕು ಗಂಟೆಗೇ ಏಕೆ ಬಿಡಬೇಕೆಂದು ಕೇಳುವುದಕ್ಕೆ ಸಭೆಗೆ ಎಷ್ಟು ಮಂದಿ ಬರುವರೆಂಬುದನ್ನು ಆಗ ನೋಡಬಹುದು.